ಚಳಿಯ ಸರದಿ

ನಮ್ಮ ಊರಿನಲ್ಲಿ ಮುನ್ನೂರ ಹನ್ನೊಂದು ಜನಕ್ಕೆ ಬೇಸಿಗೆಯಲ್ಲೂ ಚಳಿ ಇತ್ತು. ನಾನು ಹುಟ್ಟಿದ ವರ್ಷ ಗುಡ್ಡ ಹತ್ತಿ ಎರಡು ಜೀಪು ಬಂದವಂತೆ. ಬಂದವರು ಆರೋಗ್ಯ ಶಿಬಿರ ಎಂದು ಬ್ಯಾನರ್ ಕಟ್ಟಿದರು, ಒಬ್ಬೊಬ್ಬರಿಗೆ ಒಂದೊಂದು ಪೊಟ್ಟಣ ಬಿಸ್ಕತ್ತು ಕೊಟ್ಟರು, ತೋಳಿನಿಂದ ಒಂದೊಂದು ಸಣ್ಣ ಶೀಶೆ ರಕ್ತ ತೆಗೆದುಕೊಂಡರು, ಊಟಕ್ಕೆ ಕರೆದರೂ ನಿಲ್ಲದೆ ಹೊರಟುಹೋದರು. ಮರುದಿನ ಬೆಳಿಗ್ಗೆ ಶೀಶೆಗಳು ಕೆಳಗಿನ ನಗರದ ಫ್ರೀಜರು ಸೇರಿರಬೇಕು. ಅಂಗಳದಲ್ಲಿ ರಾಗಿ ಹರವುತ್ತಿದ್ದವರು, ಬಿದಿರು ಸೀಳುತ್ತಿದ್ದವರು, ಮಗುವಿಗೆ ಎಣ್ಣೆ ತಿಕ್ಕುತ್ತಿದ್ದವರು, ಬಿಸ್ಕತ್ತು ತಿಂದವರೆಲ್ಲ ಒಟ್ಟಿಗೆ ನಡುಗಿದರು. ಹಾಗೆ ಶುರುವಾದ ನಡುಕ ಇಪ್ಪತ್ತಾರು ವರ್ಷ ನಿಲ್ಲಲಿಲ್ಲ.

ಜನ ಹೊಂದಿಕೊಂಡರು. ಬಸ್ ನಿಲ್ದಾಣದ ಪಕ್ಕದಲ್ಲಿ ಕಂಬಳಿ ಅಂಗಡಿ ಬಂತು. ಹೆಣ್ಣು ಕೇಳಲು ಬಂದವರು ಮೊದಲು ಕೇಳುತ್ತಿದ್ದ ಪ್ರಶ್ನೆ, "ಹುಡುಗಿ ಶೀಶೆ ಕೊಟ್ಟೋಳೋ, ಕೊಡದೋಳೋ?" ಏಪ್ರಿಲ್ ತಿಂಗಳ ಮದುವೆಗಳಲ್ಲಿ ಅರ್ಧ ಚಪ್ಪರ ಬೀಸಣಿಗೆ ಬೀಸಿಕೊಳ್ಳುತ್ತಿತ್ತು, ಉಳಿದರ್ಧ ಒಲೆಯ ಸುತ್ತ ಕೂತಿರುತ್ತಿತ್ತು. ವರ್ಷಕ್ಕೊಮ್ಮೆಯೋ ಎರಡು ಸಲವೋ ನಗರದಲ್ಲಿ ಕರೆಂಟು ಹೋಗಿ ಅಲ್ಲಿನ ಜನರೇಟರೂ ಕೈಕೊಟ್ಟರೆ ನಮ್ಮ ಊರಿಗೆ ಹಬ್ಬ. ಕಂಬಳಿ ಎಸೆದು ಹೊಳೆಗೆ ಓಡುತ್ತಿದ್ದರು. ನಮ್ಮ ಕುಲದ ಯಜಮಾನ ಜಡೆಯ ಮಾವನ ರಕ್ತದಲ್ಲಿ ಒಂದು ಪಾಲನ್ನು ಯಾವುದೋ ದೂರದೇಶಕ್ಕೆ ಕಳಿಸಿದ್ದರು. ಅಂದಿನಿಂದ ಅವನಿಗೆ ಮಧ್ಯಾಹ್ನ ಹನ್ನೆರಡಾದರೆ ಕೂತಲ್ಲೇ ನಿದ್ದೆ, ಅಲ್ಲಿ ಆಗ ನಡುರಾತ್ರಿ. ಹಾಗಾಗಿ ಊರಿನ ನ್ಯಾಯಪಂಚಾಯಿತಿಗಳನ್ನೆಲ್ಲ ಹನ್ನೊಂದೂವರೆಯೊಳಗೆ ಮುಗಿಸುವ ಪದ್ಧತಿ ಬಂತು. ಅದರಿಂದ ಜಗಳಗಳೂ ಕಡಿಮೆಯಾದವು ಎನ್ನುತ್ತಾರೆ.

ಹೊಂದಿಕೊಳ್ಳಲಾಗದವಳು ನನ್ನ ಚಿಕ್ಕವ್ವ ಮುದ್ದವ್ವ. ನನ್ನನ್ನು ಸಾಕಿದವಳು ಅವಳೇ. ಅವಳು ಊರಿನ ಸೂಲಗಿತ್ತಿ. ಅವಳ ಕೈ ಎಷ್ಟು ತಣ್ಣಗಾಗಿತ್ತೆಂದರೆ ಹುಟ್ಟಿದ ಕೂಸನ್ನು ಅಳಿಸಲು ಬೆನ್ನು ತಟ್ಟಬೇಕಾಗಿರಲಿಲ್ಲ, ಮುಟ್ಟಿದರೆ ಸಾಕು. ಆದರೆ ನೋವು ತಿನ್ನುವ ಹೆಂಗಸಿನ ಹೊಟ್ಟೆಯ ಮೇಲೆ ಆ ಕೈ ಇಡುವಂತಿರಲಿಲ್ಲ. ಕುದಿಯುವ ನೀರಿನ ಪಾತ್ರೆಗೆ ಅಂಗೈ ಅದ್ದಿ ಅದ್ದಿ ಅವಳ ಚರ್ಮ ಸುಲಿದುಹೋಯಿತು. ಕ್ರಮೇಣ ಬಸುರಿಯರು ಎರಡು ತಾಸಿನ ಬಸ್ಸು ಹಿಡಿದು ಆಸ್ಪತ್ರೆಗೆ ಹೋಗತೊಡಗಿದರು. ಮೂವರು ಬಸ್ಸಿನಲ್ಲೇ ಹೆತ್ತರು. ಅವರಲ್ಲೊಬ್ಬಳ ಕೂಸು ಉಳಿಯಲಿಲ್ಲ. ಆ ಸುದ್ದಿ ಬಂದ ದಿನ ಚಿಕ್ಕವ್ವ ತನ್ನ ಎರಡು ಕೈಗಳನ್ನೂ ಸೆರಗಿನೊಳಗೆ ಸುತ್ತಿಕೊಂಡು ಗೋಡೆಗೆ ಮುಖ ಮಾಡಿ ಕೂತಿದ್ದಳು.

ನಮ್ಮ ಕುಲಕ್ಕೆ ಇನ್ನೊಂದು ಕಷ್ಟವೂ ಇದೆ. ಅದಕ್ಕೆ ನಾವು ಬಿಳುಪು ಎನ್ನುತ್ತೇವೆ. ಎರಡು ಮೂರು ವರ್ಷದ ಮಕ್ಕಳಿಗೆ ಕೀಲು ನೋವಿನಿಂದ ಶುರುವಾಗುತ್ತದೆ. ತುಟಿ, ಉಗುರು ಬಿಳುಚುತ್ತವೆ. ನನ್ನ ತಂಗಿ ಒಂಬತ್ತನೇ ವರ್ಷಕ್ಕೆ ಅದರಲ್ಲೇ ಹೋದಳು. ಅದು ಕೆಲವು ಮನೆಗಳಿಗೇ ಯಾಕೆ ಬರುತ್ತದೆ ಎಂದು ತಿಳಿಯಬೇಕೆಂದೇ ನಾನು ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದಿದ್ದು. ಓದಿ ಮುಗಿಸಿ ಊರ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಾಗ ನಗರದ ವಂಶವಾಹಿ ಕೇಂದ್ರದಿಂದ ಪತ್ರ ಬಂತು. ವಂಶವಾಹಿ ಎಂದರೆ ಅಪ್ಪ ಅವ್ವಂದಿರಿಂದ ಮಕ್ಕಳಿಗೆ ಇಳಿದು ಬರುವ ಬರಹ ಎಂದು ನಾನೇ ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ನಮ್ಮ ಶೀಶೆಗಳು ಇದ್ದುದು ಆ ಕೇಂದ್ರದಲ್ಲೇ.

ಸಂಗತಿ ಇಷ್ಟು. ಕೇಂದ್ರಕ್ಕೆ ನೆರವು ಕೊಡುವ ಹೊರದೇಶದ ಸಮಿತಿ ಹೊಸ ನಿಯಮ ಮಾಡಿತ್ತು. ಮೂಲನಿವಾಸಿಗಳ ರಕ್ತದ ಮೇಲೆ ಸಂಶೋಧನೆ ನಡೆಯುವಲ್ಲಿ ಮೂಲನಿವಾಸಿಗಳಿಗೇ ತರಬೇತಿ ಕೊಟ್ಟಿರಬೇಕು, ನಾಯಕತ್ವವನ್ನೂ ಕೊಟ್ಟಿರಬೇಕು. ಇಲ್ಲದಿದ್ದರೆ ನೆರವು ಬಂದ್. ನಿರ್ದೇಶಕರಾದ ಡಾ. ತ್ರಿಯಂಬಕ ರಾವ್ ಅವರಿಗೆ ತುರ್ತಾಗಿ ಒಬ್ಬ ನಾಯಕಿ ಬೇಕಾಗಿದ್ದಳು.

ಅವರು ದೊಡ್ಡ ಹೆಸರು ಮಾಡಿದವರು. 'ಗುಡ್ಡದ ಜನರಲ್ಲಿ ಆನುವಂಶಿಕ ನಡುಕ' ಎಂಬ ಅವರ ಪ್ರಬಂಧಕ್ಕೆ ಏಳು ಕಡೆ ಶಾಲು ಹೊದಿಸಿ ಸನ್ಮಾನ ಮಾಡಿದ್ದರು. ನಮ್ಮ ಜನ ಬಿಸಿಲಿನಲ್ಲೂ ಕಂಬಳಿ ಹೊದೆಯುವುದನ್ನು ಕಂಡು, ಇದು ರಕ್ತದಲ್ಲೇ ಬಂದ ದೋಷ ಎಂದು ಸಾಧಿಸಿದ ಪ್ರಬಂಧ ಅದು.

ಸಂದರ್ಶನ ಐದು ನಿಮಿಷ ನಡೆಯಿತು. "ಕೇತಮ್ಮ, ನಿಮ್ಮಲ್ಲಿ ನಾಯಕತ್ವದ ಗುಣ ಇದೆಯಾ?" ಎಂದು ಕೇಳಿದರು.

"ಗೊತ್ತಿಲ್ಲ ಸರ್."

"ವಿನಯ! ಬೇಕಾದ್ದೇ ಅದು," ಎಂದು ಸಹಿ ಹಾಕಿದರು.

ಮೊದಲ ದಿನ ದೀಪ ಬೆಳಗಿಸಿದೆವು. ನಾಟಕ ಕಂಪನಿಗೆ ಬಟ್ಟೆ ಒದಗಿಸುವ ಅಂಗಡಿಯಿಂದ ನವಿಲುಗರಿಯ ಕಿರೀಟ ತರಿಸಿದ್ದರು. "ನಮ್ಮಲ್ಲಿ ಗರಿ ಕಟ್ಟಲ್ಲ ಸರ್," ಎಂದೆ. "ಫೋಟೋಗೆ ಮಾತ್ರಮ್ಮ, ಆಮೇಲೆ ವಾಪಸ್ ಕೊಡಬೇಕು," ಎಂದರು. ಫೋಟೋದಲ್ಲಿ ನನ್ನ ಕೈಗೆ ಸೂಕ್ಷ್ಮದರ್ಶಕ ಕೊಟ್ಟು, ಅದರೊಳಗೆ ನೋಡದೆ ದೂರದ ಭವಿಷ್ಯವನ್ನು ನೋಡುವಂತೆ ನಿಲ್ಲಿಸಿದರು. ಯೋಜನೆಯ ನಾಯಕಿ ತಾನೇ ಮಾದರಿಯಾಗಬೇಕು ಎಂದು ನನ್ನ ರಕ್ತವನ್ನೂ ಒಂದು ಶೀಶೆ ತೆಗೆದರು. ಊಟದ ಹೊತ್ತಿಗೆ ನನಗೆ ಮೊಳಕೈಯಿಂದ ಮೇಲಕ್ಕೆ ಚಳಿ ಏರಿತು. ಅಷ್ಟು ವರ್ಷ ಚಿಕ್ಕವ್ವನ ಪಕ್ಕದಲ್ಲೇ ಮಲಗಿದ್ದರೂ ಅದು ಎಂಥ ಚಳಿ ಎಂದು ನನಗೆ ಗೊತ್ತಿರಲಿಲ್ಲ. ಹೊರಗಿನಿಂದ ಬರುವುದಾದರೆ ಹೊದ್ದುಕೊಳ್ಳಬಹುದು. ಇದು ಮೂಳೆಯ ಒಳಗಿನಿಂದ ಬರುತ್ತದೆ.

ಒಂದು ಕೋಣೆ ಕೊಟ್ಟರು, ಬಾಗಿಲಿಗೆ 'ಸಹ ಮುಖ್ಯಸ್ಥೆ' ಎಂದು ಫಲಕ ಹಾಕಿದರು. ನಾಯಕತ್ವ ತರಬೇತಿಗೆಂದು ಟೈ ಕಟ್ಟಿದ ಒಬ್ಬರು ಬಂದು, ನಮ್ಮನ್ನೆಲ್ಲ ವೃತ್ತವಾಗಿ ನಿಲ್ಲಿಸಿ, ಉಣ್ಣೆಯ ಉಂಡೆಯೊಂದನ್ನು ಒಬ್ಬರಿಂದ ಒಬ್ಬರಿಗೆ ಎಸೆಸಿದರು. ನಾವೆಲ್ಲ ಒಂದೇ ಬಲೆಯ ಎಳೆಗಳು ಎಂದು ಅರ್ಥವಂತೆ. ಮುಗಿದ ಮೇಲೆ ಆ ಉಂಡೆಯನ್ನು ಕೇಳಿ ತೆಗೆದುಕೊಂಡೆ. ಒಂದು ಜೊತೆ ಕಾಲುಚೀಲಕ್ಕಾಯಿತು.

ನನಗೆ ಕೆಲಸ ಕಲಿಸಿದವರು ಜುಬೇದಾ ಮೇಡಂ. ಅವರು ಹದಿನೇಳು ವರ್ಷದಿಂದ ಅಲ್ಲಿ ತಾತ್ಕಾಲಿಕ ತಂತ್ರಜ್ಞೆ. ಮೂರನೇ ವಾರ ನಾನು ಪ್ರಯೋಗಾಲಯದ ಬಾಗಿಲಲ್ಲಿ ಸುಮ್ಮನೆ ನಿಂತಿದ್ದಾಗ, "ಏನ್ರೀ ನಾಯಕಿ, ಒಳಗೆ ಬರ್ತೀರೋ, ಇಲ್ಲ ಅಲ್ಲಿಂದಲೇ ನಡೆಸ್ತೀರೋ?" ಎಂದರು. ಆಮೇಲೆ ಕೈಗವಸು ಕೊಟ್ಟರು. ಒಂದು ಹನಿಯನ್ನು ಸಾವಿರ ಪಾಲು ಮಾಡಿ ಒಂದು ಪಾಲನ್ನು ಎತ್ತುವುದು ಹೇಗೆ, ರಕ್ತದಿಂದ ಡಿಎನ್ಎಯನ್ನು ಬಿಳಿ ನೂಲಿನಂತೆ ಎಳೆಯುವುದು ಹೇಗೆ, ಯಂತ್ರ ಉಗುಳುವ ಅಕ್ಷರಗಳ ಸಾಲನ್ನು ಓದುವುದು ಹೇಗೆ, ಎಲ್ಲ ಹೇಳಿಕೊಟ್ಟರು. ಚಳಿಗೆ ನನ್ನ ಬೆರಳು ನಡುಗಿ ಹನಿ ಚೆಲ್ಲಿದಾಗೆಲ್ಲ ಬೈಯುತ್ತಿದ್ದರು. ಬೈದು, ನನ್ನ ಕೈಯನ್ನು ತಮ್ಮ ಕೈಗಳ ನಡುವೆ ಉಜ್ಜುತ್ತಿದ್ದರು. ಒಂಬತ್ತು ತಿಂಗಳಲ್ಲಿ ನಾನು ಕಲಿತೆ.

ಫ್ರೀಜರಿನ ಬೀಗದ ಕೈ ಮಾತ್ರ ನಿರ್ದೇಶಕರ ಬಳಿ ಇತ್ತು. ಅದರ ರಿಜಿಸ್ಟರು ಜುಬೇದಾ ಮೇಡಂ ಬಳಿ ಇತ್ತು. ಒಂದು ದಿನ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಇಪ್ಪತ್ತಾರು ವರ್ಷದಲ್ಲಿ ಹೊರತೆಗೆದ ಶೀಶೆಗಳು ನಾಲ್ಕು. ಆ ಪ್ರಸಿದ್ಧ ಪ್ರಬಂಧವೂ ಆ ನಾಲ್ಕರ ಮೇಲೇ ನಿಂತಿತ್ತು. ಉಳಿದ ಮುನ್ನೂರ ಏಳನ್ನು ಯಾರೂ ಮುಟ್ಟಿರಲಿಲ್ಲ.

"ಇಟ್ಟುಕೊಂಡಿರೋದು ಯಾಕೆ ಮೇಡಂ?"

"ಓದಬೇಕು ಅಂದರೆ ಮೂರು ತಿಂಗಳು ಸಾಕು. ಆಮೇಲೆ ಅಕ್ಷರವೆಲ್ಲ ಕಂಪ್ಯೂಟರಲ್ಲಿ ಇರುತ್ತೆ, ಶೀಶೆ ವಾಪಸ್ ಕೊಡಬಹುದು," ಎಂದರು ಅವರು. "ಯಾರೂ ಕೇಳಲಿಲ್ಲ, ಇವರು ಕೊಡಲಿಲ್ಲ. ನಮ್ಮಲ್ಲಿ ಮುರಿದ ಕುರ್ಚಿಗಳನ್ನೂ ಹಾಗೇ ಇಟ್ಟಿದೀವಿ, ಹಿಂದಿನ ಕೋಣೇಲಿ ನೋಡಿ."

ನಾನು ಅವತ್ತು ಮಧ್ಯಾಹ್ನವೇ ನಿರ್ದೇಶಕರ ಕೋಣೆಗೆ ಹೋದೆ. "ಸರ್, ಜೀಪು ಬಂದಾದ ಮೇಲೆ ಹುಟ್ಟಿದ ಮಕ್ಕಳಲ್ಲಿ ಒಬ್ಬರಿಗೂ ನಡುಕ ಇಲ್ಲ. ಆನುವಂಶಿಕ ಅಂದರೆ ಅವರಿಗೂ ಬರಬೇಕಲ್ಲ?"

"ಅದು ಅಡಗಿರುತ್ತೆ," ಎಂದರು.

"ಎಲ್ಲರಲ್ಲೂ ಅಡಗಿದೆಯಾ ಸರ್?"

"ಬಹಳ ಚೆನ್ನಾಗಿ ಅಡಗಿದೆ. ಅದೇ ಅದರ ವೈಶಿಷ್ಟ್ಯ."

"ಹಾಗಾದರೆ ನನಗೆ ಈಗ ಬಂದಿರೋ ಚಳಿ?"

ಅವರು ಕನ್ನಡಕ ತೆಗೆದು ಸಂತೋಷದಿಂದ ನನ್ನನ್ನು ನೋಡಿದರು. "ಶುರುವಾಯಿತಾ? ನೋಡಿ, ನಾನು ಹೇಳಿರಲಿಲ್ಲವಾ, ರಕ್ತದಲ್ಲೇ ಇದೆ ಅಂತ!"

ಬಿಳುಪಿನ ಬಗ್ಗೆ ಯಾಕೆ ಒಂದು ಶೀಶೆಯನ್ನೂ ಓದಲಿಲ್ಲ ಎಂದು ಕೇಳಿದೆ. ಅದು ಯೋಜನೆಯ ಉದ್ದೇಶಗಳಲ್ಲಿ ಇಲ್ಲ ಎಂದರು. ಮೇಜಿನ ಮೇಲಿದ್ದ ಕಾಗದದ ಕಟ್ಟೊಂದನ್ನು ನನ್ನ ಕಡೆಗೆ ತಳ್ಳಿದರು. ಹಳೆಯ ಶೀಶೆಗಳನ್ನು ಯಾವ ಕೆಲಸಕ್ಕಾದರೂ, ಎಷ್ಟು ಕಾಲವಾದರೂ ಇಟ್ಟುಕೊಳ್ಳಲು ಒಪ್ಪಿಗೆ ಇದೆ ಎಂಬ ಪತ್ರಗಳು. ಸಮಿತಿಯವರು ಮುಂದಿನ ತಿಂಗಳು ಬರುತ್ತಿದ್ದಾರೆ, ಅಷ್ಟರೊಳಗೆ ಊರಿನವರ ಹೆಬ್ಬೆಟ್ಟು ಒತ್ತಿಸಿಕೊಂಡು ಬರಬೇಕು. "ನಾಯಕತ್ವ ಅಂದರೆ ಇದೇ ಕೇತಮ್ಮ. ಅವರಿಗೆ ನಿಮ್ಮ ಮೇಲೆ ನಂಬಿಕೆ ಇದೆ."

ಕಟ್ಟು ಹೊತ್ತುಕೊಂಡು ಊರಿಗೆ ಹೋದೆ. ಬೆಳಿಗ್ಗೆ ಎಂಟಕ್ಕೇ ಹೊಂಗೆಯ ಕಟ್ಟೆಯ ಬಳಿ ಜನ ಸೇರಿದರು. ಪತ್ರವನ್ನು ಪೂರ್ತಿ ಓದಿ ಹೇಳಿದೆ, ರಿಜಿಸ್ಟರಿನಲ್ಲಿ ಕಂಡದ್ದನ್ನೂ, ಓದಲು ಮೂರು ತಿಂಗಳು ಸಾಕು ಎಂದು ಮೇಡಂ ಅಂದದ್ದನ್ನೂ ಹೇಳಿದೆ. ಯಾರೂ ಕೂಗಾಡಲಿಲ್ಲ. ಮುನ್ನೂರ ಏಳು ಶೀಶೆಯನ್ನು ಮುಟ್ಟಿಯೇ ಇಲ್ಲ ಎಂಬುದು ಅವರಿಗೆ ಬೈಗುಳಕ್ಕಿಂತ ಹೆಚ್ಚಾಗಿ ತಾಗಿತ್ತು. ಏನೋ ದೊಡ್ಡ ಕೆಲಸ ನಡೆಯುತ್ತಿರಬೇಕು ಎಂದುಕೊಂಡು ನಡುಗಿದವರು ಅವರು.

ಜಡೆಯ ಮಾವ ಕೇಳಿದ, "ಅಲ್ಲಿ ನೀನು ಏನಮ್ಮಿ?"

"ಸಹ ಮುಖ್ಯಸ್ಥೆ ಮಾವ."

"ಬೀಗ ಯಾರತ್ರ ಅದೆ?"

"ಅವರತ್ರ."

"ಹಂಗಾದ್ರೆ ನಿನ್ನ ಕೂರಿಸವ್ರೆ ಅಷ್ಟೇಯ. ಕೂರಿಸೋದು ಬ್ಯಾರೆ, ಕೊಡೋದು ಬ್ಯಾರೆ." ಆಮೇಲೆ ಇನ್ನೊಂದು ಮಾತು ಕೇಳಿದ. "ನಮ್ಮಣ್ಣ ಸತ್ತು ಹನ್ನೆರಡು ವರ್ಸ ಆಯ್ತು. ಅವನ ಶೀಶೆನೂ ಅಲ್ಲೇ ಅದಲ್ಲ. ಅವನಿಗೆ ಈಗ್ಲೂ ಚಳಿ ಆಯ್ತದಾ?"

ಅದು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

ಎಲ್ಲವನ್ನೂ ವಾಪಸ್ ತಂದು ಚೆಲ್ಲಿಬಿಡೋಣ, ಇನ್ನು ಯಾರೂ ಕೈ ಚಾಚುವುದು ಬೇಡ ಎಂದು ಹಲವರು ಹೇಳಿದರು. ನನಗೂ ಅದೇ ಸರಿ ಎನಿಸಿತ್ತು. ಆಗ ಚಿಕ್ಕವ್ವ ಎದ್ದುನಿಂತಳು. ಸಭೆಯಲ್ಲಿ ಅವಳು ಮಾತಾಡಿದ್ದನ್ನು ನಾನು ನೋಡಿರಲೇ ಇಲ್ಲ.

"ಚೆಲ್ಲುಬುಟ್ರೆ ನಮಗೆ ಬೆಚ್ಚಗಾಯ್ತದೆ ಸರಿ. ಬಿಳುಪು ಏನಾಯ್ತದೆ? ನನ್ನ ಕೈಯಾಗೆ ಹುಟ್ಟಿದ ಮಕ್ಕಳ್ನ ನಾನೇ ಮಣ್ಣಿಗಿಟ್ಟಿವ್ನಿ, ಹನ್ನೊಂದು. ಈ ಅಮ್ಮಿಗೆ ಈಗ ಓದಾಕೆ ಬತ್ತದೆ. ಮೂರು ತಿಂಗಳು ಸಾಕು ಅಂತವಳೆ. ಬಾಣಂತಿ ಮನೆಗೆ ಬಿಸಿನೀರು ಹೊರಾಕೆ ಕೇರಿಯೋರೆಲ್ಲ ಸರದಿ ಹಾಕ್ಕಳಲ್ವಾ? ಹಂಗೇ ಚಳಿಗೂ ಸರದಿ ಹಾಕ್ಕಳನ. ಎಂಟೆಂಟು ಜನ. ಮೂರು ತಿಂಗಳು ನಡುಗನ, ಓದಿ ಮುಗಿಸ್ಲಿ, ನಮ್ಮದು ನಮಗೆ ಕೊಡ್ಲಿ. ಆಮೇಲೆ ಇನ್ನೆಂಟು ಜನ."

"ಫ್ರೀಜರು?" ಎಂದ ಯಾರೋ.

"ಇಲ್ಲಿಗೆ ಬರ್ಬೇಕು. ಬೀಗನೂವೆ."

ಮಾವ ತಲೆಯಾಡಿಸಿದ. "ಯಾರು ಮುಂದೆ ನಿಂತು ಕೆಲಸ ಮಾಡುಸ್ತರೋ ಅವ್ರೂ ಒಂದು ಶೀಶೆ ಕೊಡ್ಬೇಕು. ದೊಡ್ಡೋರಿಂದ ಹಿಡಿದು. ಅದನ್ನೂ ಬರ್ಕೊ," ಎಂದು ಹೇಳಿ ಸೂರ್ಯನನ್ನು ನೋಡಿದ. ಹನ್ನೆರಡಾಗಲು ಇನ್ನೂ ಸಮಯವಿತ್ತು.

ಸಮಿತಿ ಬಂದ ದಿನ ನನಗೆ ಮತ್ತೆ ಕಿರೀಟ ಕೊಟ್ಟರು, ಓದಲು ಒಂದು ಹಾಳೆಯನ್ನೂ ಕೊಟ್ಟರು. ಅದರಲ್ಲಿ ನಾನು ನಿರ್ದೇಶಕರಿಗೆ ಹದಿನಾಲ್ಕು ಕಡೆ ಋಣಿಯಾಗಿದ್ದೆ. ಎರಡನ್ನೂ ಕುರ್ಚಿಯ ಮೇಲಿಟ್ಟು ವೇದಿಕೆ ಹತ್ತಿದೆ. ಒಂದೇ ತಾಯಿಯ ಮಕ್ಕಳಾದ ಅರವತ್ತು ಜೋಡಿಗಳ ಪಟ್ಟಿ ಮಾಡಿದ್ದೆ; ಪ್ರತಿ ಜೋಡಿಯಲ್ಲಿ ಒಬ್ಬರು ಶೀಶೆ ಕೊಟ್ಟವರು, ಒಬ್ಬರು ಕೊಡದವರು. ಕೊಟ್ಟ ಅರವತ್ತು ಜನಕ್ಕೂ ಚಳಿ. ಕೊಡದವರಲ್ಲಿ ಒಬ್ಬರಿಗೂ ಇಲ್ಲ. ನಿರ್ದೇಶಕರು ಎದ್ದು, ನಮ್ಮ ನಾಯಕಿ ಬಹಳ ಭಾವುಕರಾಗಿದ್ದಾರೆ ಎಂದರು.

ಸಮಿತಿಯ ಅಧ್ಯಕ್ಷೆ ಬಿಳಿಗೂದಲಿನ ಹೆಂಗಸು. ನನ್ನ ಅಂಗೈಯನ್ನು ಹಿಡಿದುಕೊಳ್ಳುವಂತೆ ಅವರನ್ನು ಕೇಳಿಕೊಂಡೆ. ಹಿಡಿದವರು ಬೆಚ್ಚಿದರು. ಜುಬೇದಾ ಮೇಡಂ ಎಲ್ಲರೆದುರಿಗೇ ನಿರ್ದೇಶಕರ ಬಳಿ ಬೀಗದ ಕೈ ಕೇಳಿದರು. ಅಷ್ಟು ಜನರೆದುರು ಇಲ್ಲವೆನ್ನಲು ಅವರಿಗಾಗಲಿಲ್ಲ. ಮೇಡಂ ನನ್ನ ಶೀಶೆಯನ್ನು ತಂದು, ವೇದಿಕೆಯ ಇನ್ನೊಂದು ತುದಿಯಲ್ಲಿ ನಿಂತು ಮುಷ್ಟಿಯೊಳಗೆ ಹಿಡಿದುಕೊಂಡರು. ನಾಲ್ಕು ನಿಮಿಷವಾಗಿರಬಹುದು. ನನ್ನ ಉಗುರುಗಳಿಗೆ ಬಣ್ಣ ಬಂತು, ಆಮೇಲೆ ಅಂಗೈಗೆ ಬಿಸಿ ಬಂತು. ಅಧ್ಯಕ್ಷೆಯ ಕಣ್ಣು ತುಂಬಿ ಬಂತು. ದುಭಾಷಿ ಅವರ ಮಾತನ್ನು ಕನ್ನಡಕ್ಕೆ ತಿರುಗಿಸಿದ: "ಇಂಥ ಹೃದಯಸ್ಪರ್ಶಿ ಅನುಭವ ನನಗೆ ಹಿಂದೆಂದೂ ಆಗಿರಲಿಲ್ಲ ಅಂತಿದ್ದಾರೆ. ಫೋಟೋದವರು ಸರಿಯಾಗಿ ಹಿಡೀಲಿಲ್ಲವಂತೆ, ಇನ್ನೊಂದ್ಸಲ ಮಾಡೋಕಾಗುತ್ತಾ ಅಂತ ಕೇಳ್ತಿದ್ದಾರೆ."

ಆಗುವುದಿಲ್ಲ ಎಂದೆ. ನಮ್ಮ ಊರಿನ ಷರತ್ತುಗಳ ಹಾಳೆಯನ್ನು ಅವರ ಕೈಗಿಟ್ಟೆ. ಒಪ್ಪಿದರೆ ಹೆಬ್ಬೆಟ್ಟು, ಇಲ್ಲದಿದ್ದರೆ ಒಂದೂ ಇಲ್ಲ. ಒಂದೂ ಇಲ್ಲದಿದ್ದರೆ ಕೇಂದ್ರದ ಯೋಜನೆಯೇ ಇಲ್ಲ ಎಂಬುದು ಡಾ. ತ್ರಿಯಂಬಕ ರಾವ್ ಅವರಿಗೆ ನನಗಿಂತ ಬೇಗ ಹೊಳೆಯಿತು. ಅವರು ಮೈಕು ತೆಗೆದುಕೊಂಡು, ಫ್ರೀಜರನ್ನು ಜನರ ಬಾಗಿಲಿಗೆ ಒಯ್ಯುವುದು ತಮ್ಮ ಇಪ್ಪತ್ತಾರು ವರ್ಷದ ಕನಸಾಗಿತ್ತು ಎಂದು ಘೋಷಿಸಿದರು. ಚಪ್ಪಾಳೆ ಬಿತ್ತು. ತಮ್ಮ ಶೀಶೆ ಕೊಡಬೇಕೆಂಬ ಷರತ್ತನ್ನು ಓದಿದಾಗ ದೊಡ್ಡದಾಗಿ ನಕ್ಕು, ಅಂಗಿಯ ತೋಳು ಮಡಿಸಿ, ಕ್ಯಾಮೆರಾದ ಕಡೆ ಮುಖ ಮಾಡಿ ಕೈ ಚಾಚಿದರು.

ಫ್ರೀಜರು ಗುಡ್ಡ ಹತ್ತಿ ಬಂತು. ಶಾಲೆಯ ಪಕ್ಕದ ಹಳೆಯ ಪಡಿತರ ಕೋಣೆಯಲ್ಲಿ ಇಟ್ಟೆವು. ಜುಬೇದಾ ಮೇಡಂ ಅದರ ಜೊತೆಗೇ ಬಂದರು. ಅವರನ್ನು ಕಾಯಂ ಮಾಡಬೇಕೆಂಬುದು ನಾನೇ ಸೇರಿಸಿದ ಷರತ್ತು. ಹಳೆಯ ಶೀಶೆಗಳ ಮೇಲೆ ಬರೀ ಸಂಖ್ಯೆಗಳಿದ್ದವು. ಪಟ್ಟಿ ನೋಡಿ ಒಬ್ಬೊಬ್ಬರ ಹೆಸರು ಕೂಗಿ ಕೊಟ್ಟೆವು. ಕೆಲವರು ಹೊಳೆಗೆ ಬಿಟ್ಟರು, ಕೆಲವರು ತಮ್ಮ ಅಂಗಳದ ಮಣ್ಣಿಗೆ ಸುರಿದರು. ತೀರಿಕೊಂಡವರ ಶೀಶೆಗಳನ್ನು ಮನೆಯವರು ಅವರವರ ಗುಂಡಿಯ ಪಕ್ಕದಲ್ಲೇ ಹೂತರು. ಜಡೆಯ ಮಾವ ಅಣ್ಣನ ಶೀಶೆಯನ್ನು ಹೂಳುವ ಮೊದಲು ತುಂಬ ಹೊತ್ತು ಕಂಕುಳಲ್ಲಿಟ್ಟುಕೊಂಡು ಬಿಸಿ ಮಾಡಿದ. ಆ ವಾರ ಚಿಕ್ಕವ್ವನನ್ನು ಒಂದು ಹೆರಿಗೆಗೆ ಕರೆದರು. ಹೋಗುವ ಮುಂಚೆ ಅವಳು ಕೈಯನ್ನು ತನ್ನ ಕೆನ್ನೆಗೆ ಒತ್ತಿ ನೋಡಿಕೊಂಡಳು, ನಂಬಿಕೆ ಬರದೆ ನನ್ನ ಕೆನ್ನೆಗೂ ಒತ್ತಿದಳು.

ಆಮೇಲೆ ಸರದಿ ಶುರುವಾಯಿತು. ಮೊದಲ ಎಂಟು ಜನ ಬಿಳುಪು ಬಂದ ಮನೆಗಳವರು, ಒಂಬತ್ತನೆಯವರು ನಿರ್ದೇಶಕರು. ಸರದಿಯಲ್ಲಿದ್ದವರಿಗೆ ಪಡಿತರ ಕೋಣೆಯ ಜಗಲಿಯಲ್ಲಿ ಕೆಂಡದ ಮಡಕೆ ಇಟ್ಟು, ಕೇರಿಯವರೇ ಕಾಫಿ ತಂದುಕೊಡುತ್ತಿದ್ದರು. ಒಳಗೆ ನಾನೂ ಮೇಡಂ ಓದುತ್ತಿದ್ದೆವು. ಎರಡನೇ ತಿಂಗಳು ಬಿಳುಪಿನ ಮೂಲ ಸಿಕ್ಕಿತು. ಅಷ್ಟುದ್ದ ಬರಹದಲ್ಲಿ ಒಂದೇ ಅಕ್ಷರ ಬೇರೆ. ಅಪ್ಪ, ಅವ್ವ ಇಬ್ಬರಿಂದಲೂ ಅದು ಬಂದರೆ ಬಿಳುಪು. ಇನ್ನು ಹುಟ್ಟುವ ಕೂಸುಗಳಲ್ಲಿ ಮೊದಲ ವಾರವೇ ತಿಳಿಯಬಹುದು, ಕೀಲು ನೋಯುವ ಮುಂಚೆಯೇ ಔಷಧಿ ಹಿಡಿಸಬಹುದು. ನನ್ನ ತಂಗಿಗೆ ಆ ಒಂದು ವಾರ ಸಿಕ್ಕಿದ್ದರೆ ಎಂದು ನೆನೆದು, ಮೇಡಂ ಕಾಣದಂತೆ ಹೊರಗೆ ಬಂದು ಅತ್ತೆ.

ಹಾಗೆ ಜಗಲಿಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾಗಲೇ ಬಸ್ಸಿನಿಂದ ಡಾ. ತ್ರಿಯಂಬಕ ರಾವ್ ಇಳಿದು ಬರುತ್ತಿರುವುದು ಕಂಡಿತು. ಮೇ ತಿಂಗಳ ಬಿಸಿಲು. ಅವರು ಸ್ವೆಟರಿನ ಮೇಲೆ ಕೋಟು ಹಾಕಿ, ಕಿವಿಗೆ ಮಫ್ಲರ್ ಸುತ್ತಿ, ಅದರ ಮೇಲೆ ಸನ್ಮಾನದ ಶಾಲುಗಳಲ್ಲಿ ಎರಡನ್ನು ಹೊದ್ದಿದ್ದರು.

"ಕೇತಮ್ಮನವರೇ," ಎಂದರು. 'ಅವರೇ' ಎಂದದ್ದು ಕೇಳಿ ನಾನು ಎದ್ದುನಿಂತೆ. "ಇದು ವೈಜ್ಞಾನಿಕವಾಗಿ ಸಾಧ್ಯವೇ ಇಲ್ಲ."

"ಹೌದು ಸರ್."

"ಆದರೂ ನನ್ನ ಶೀಶೆಯನ್ನ ಸ್ವಲ್ಪ ಮುಂಚೆ ತೆಗೆಯೋಕೆ ಆಗುತ್ತಾ?" ಅವರ ಹಲ್ಲು ಕಟಕಟಿಸುತ್ತಿತ್ತು.

"ಎಲ್ಲರಿಗೂ ಮೂರು ತಿಂಗಳು ಸರ್. ನಿಮಗೆ ಇನ್ನು ಮೂವತ್ತೆಂಟು ದಿನ ಇದೆ. ಬೇಡ ಅಂದರೆ ಈಗಲೇ ಕೊಡ್ತೀನಿ. ಯಾರನ್ನೂ ಬಲವಂತವಾಗಿ ಇಟ್ಟುಕೊಳ್ಳಲ್ಲ ಅಂತ ನಮ್ಮ ನಿಯಮ. ಆದರೆ ಮುಖ್ಯಸ್ಥರ ಪಟ್ಟಿಯಿಂದ ಹೆಸರು ಹೋಗುತ್ತೆ."

ಅವರು ಶೀಶೆಯನ್ನು ಮತ್ತೆ ಕೇಳಲಿಲ್ಲ. ಅವರು ಆರಿಸಿಕೊಂಡದ್ದು ಹೆಸರನ್ನೋ ನಮ್ಮನ್ನೋ ನನಗೆ ಇವತ್ತಿಗೂ ತಿಳಿಯದು. ಬಸ್ಸು ಸಂಜೆಗೆ ತಾನೇ ಎಂದು ಗೊಣಗಿಕೊಂಡು ಜಗಲಿ ಹತ್ತಿದರು. ಕೆಂಡದ ಮಡಕೆಯ ಸುತ್ತ ಕಂಬಳಿ ಹೊದ್ದು ಕೂತವರು ಸರಿದು ಜಾಗ ಬಿಟ್ಟರು. ಪಕ್ಕದಲ್ಲಿದ್ದ ದುಂಡಮ್ಮ ಬಿಳುಪಿಗೆ ಇಬ್ಬರು ಮೊಮ್ಮಕ್ಕಳನ್ನು ಕಳೆದುಕೊಂಡವಳು, ಮೊದಲು ಶೀಶೆ ಕೊಟ್ಟು ಈಗ ಎರಡನೇ ಸಲ ಕೊಟ್ಟವಳು. ಅವಳು ತನ್ನ ಕಾಫಿಯ ಲೋಟವನ್ನು ಅವರ ಕೈಗೆ ಕೊಟ್ಟಳು. ಅವರು ಎರಡು ಕೈಯಲ್ಲೂ ಅದನ್ನು ಹಿಡಿದುಕೊಂಡು, ಕುಡಿದು, ಸ್ವಲ್ಪ ನಾಚಿಕೆಯಿಂದ ಕೇಳಿದರು, "ನಿಮ್ಮ ಹೆಸರೇನಮ್ಮಾ?"

"ನೂರ ಎಪ್ಪತ್ನಾಕು ಕಣಪ್ಪ," ಎಂದಳು ದುಂಡಮ್ಮ. "ನೀವೇ ಇಟ್ಟಿದ್ದಲ್ವಾ, ಮರ್ತೋಯ್ತಾ?"

ಜಗಲಿಯಲ್ಲಿದ್ದವರೆಲ್ಲ ನಕ್ಕರು. ನಿರ್ದೇಶಕರು ನಗಲಿಲ್ಲ, ತಲೆ ಎತ್ತಲೂ ಇಲ್ಲ. ದುಂಡಮ್ಮ ಅವರ ಬೆರಳುಗಳನ್ನು ನೋಡಿದಳು. ಆಮೇಲೆ ಕೆಂಡದ ಮಡಕೆಯನ್ನು ಕಾಲಿನಿಂದ ಅವರ ಕಡೆಗೆ ಒಂದಿಷ್ಟು ತಳ್ಳಿದಳು.